ಮೂರು ಗೋಡೆಯ ಮನೆ

ಧಾರಾವಾಹಿ ಬರೆಯುವವನ ಶವ ಅವನದೇ ಹಜಾರದ ಕುರ್ಚಿಯಲ್ಲಿತ್ತು. ಮರುದಿನದ ದೃಶ್ಯದ ಹಾಳೆಗಳನ್ನು ಒಯ್ಯಲು ಸಂಜೆ ಬಂದ ಚಾಲಕ ಅದನ್ನು ಮೊದಲು ಕಂಡ. ಹಣೆ ಒಡೆದಿತ್ತು. ಹೆಂಡತಿ ಮಹಡಿಯಲ್ಲಿ ಮಲಗಿದ್ದಳಂತೆ; ಏನೂ ಕೇಳಿಸಲಿಲ್ಲವಂತೆ.

ಆ ಹಜಾರವನ್ನು ಟೀವಿ ನೋಡುವವರೆಲ್ಲ ಬಲ್ಲರು. ಬಳುಕಿ ಇಳಿಯುವ ಮೆಟ್ಟಿಲು, ಬಣ್ಣದ ಗಾಜಿನ ಉದ್ದ ಕಿಟಕಿ. ಧಾರಾವಾಹಿಗಾಗಿ ಅದನ್ನೇ ಸ್ಟುಡಿಯೋದಲ್ಲಿ ಮರಳಿ ಕಟ್ಟಲಾಗಿತ್ತು. ಕಟ್ಟಿದ ಕಲಾ ನಿರ್ದೇಶಕ ಸತ್ತವನ ಮಾವ. ಮಗಳು ಕಳುಹಿಸಿದ ಫೋಟೋಗಳೇ ಅವನಿಗೆ ಆಧಾರ. ಮಾವ ಅಳಿಯಂದಿರದು ಎಣ್ಣೆ ಸೀಗೆಕಾಯಿ ಸಂಬಂಧ.

*

ತನಿಖಾಧಿಕಾರಿಯ ಮೊದಲ ಅನುಮಾನ, ಕಥೆಯಿಂದ ಹೊರಬಿದ್ದ ನಟನ ಮೇಲೆ.

“ಕಥೇಲಿ ನನ್ನನ್ನ ಸಾಯಿಸಿದ ಅಂತ ನಾನು ಅವನನ್ನ ಕೊಲ್ತೀನಾ ಮೇಡಂ? ಹಾಗಾದ್ರೆ ನನಗಿಂತ ಮುಂಚೆ ದೊಡ್ಡ ಸಾಲೇ ಇದೆ!”

ಕೊಲೆ ನಡೆದ ಮಧ್ಯಾಹ್ನ ಅವನು ನಾಟಕದ ತಾಲೀಮಿನಲ್ಲಿದ್ದ. ತಂಡವೆಲ್ಲ ಸಾಕ್ಷಿ.

ಅಷ್ಟರಲ್ಲಿ ಕಲಾ ನಿರ್ದೇಶಕನೇ ಠಾಣೆಗೆ ಬಂದ.

“ನಾನೇ ಕೊಂದೆ. ದೂರ ನಿಂತು ನೋಡಿದೆ. ಮೆಟ್ಟಿಲು, ಕಿಟಕಿ, ಅವನ ಕುರ್ಚಿ, ಒಂದೇ ನೋಟಕ್ಕೆ ಕಂಡವು. ಓಡಿಹೋಗಿ ಹೂದಾನಿಯಿಂದ ಹೊಡೆದೆ. ತೊಳೆದು ಮತ್ತೆ ಅಲ್ಲೇ ಇಟ್ಟೆ.”

“ಯಾಕೆ?”

“ಕಂಡ್ರೆ ಆಗ್ತಿರಲಿಲ್ಲ.”

*

ತನಿಖಾಧಿಕಾರಿ ಅವನನ್ನು ಆ ಮನೆಗೆ ಕರೆತಂದಳು.

“ಎಲ್ಲಿ ನಿಂತಿದ್ರಿ, ತೋರಿಸಿ ಯಜಮಾನ್ರೇ.”

ಅವನು ಕುರ್ಚಿಯನ್ನೇ ನೋಡುತ್ತ ಹಿಂದೆ ಸರಿದ. ಕೆಲವೇ ಹೆಜ್ಜೆ, ಬೆನ್ನಿಗೆ ಗೋಡೆ ತಗುಲಿತು. ತಿರುಗಿ ಬಡಿದು ನೋಡಿದ. ಪ್ಲೈವುಡ್ಡಿನ ಸದ್ದಲ್ಲ.

“ನಿಮ್ಮ ಸೆಟ್ಟಿನಲ್ಲಿ ಇಲ್ಲಿ ಕ್ಯಾಮೆರಾ ನಿಲ್ಲುತ್ತೆ, ಗೋಡೆ ಇಲ್ಲ. ನಿಜವಾದ ಮನೇಲಿ ಇದೆ. ಇಲ್ಲಿಂದ ಕಿಟಕಿ ಕಾಣೋದೇ ಇಲ್ಲ. ನೀವು ಈ ಮನೆಗೆ ಯಾವತ್ತೂ ಬಂದಿಲ್ಲ.”

“ಬಂದಿದ್ದೆ!”

“ಹೂದಾನಿ ತೊಳೆದಿಟ್ಟ ವಿಷಯ ನಾವು ಹೊರಗೆ ಬಿಟ್ಟಿಲ್ಲ. ಮನೆಗೇ ಬರದ ನಿಮಗೆ ಅದು ಗೊತ್ತಾಗಬೇಕಾದ್ರೆ ತೊಳೆದವರೇ ಹೇಳಿರಬೇಕು. ಯಾರಿಗೋಸ್ಕರ ಕೊರಳು ಕೊಡ್ತಿದ್ದೀರಿ?”

ಮೆಟ್ಟಿಲ ಮೇಲಿಂದ ಮಗಳ ದನಿ ಬಂತು. “ಸಾಕು ಬಿಡಿ, ಅಪ್ಪ.”

ಇಲ್ಲಿಂದ ಮುಂದೆ, ಈ ಕಥೆ ಹೇಳುವವರು ಯಾರೇ ಆಗಲಿ, ದನಿ ತಗ್ಗಿಸುತ್ತಾರೆ.

“ದಿನಾ ನನ್ನನ್ನ ಎದುರು ನಿಲ್ಲಿಸಿ ಬೈತಿದ್ರು ಮೇಡಂ. ನಾನು ಹೇಗೆ ಅಳ್ತೀನಿ ಅಂತ ನೋಡಿ ಬರ್ಕೊಳ್ತಿದ್ರು. ಆಮೇಲೆ ಅದೇ ಮಾತು ಟೀವೀಲಿ. ಅವತ್ತು, ‘ಸರಿ ಬರಲಿಲ್ಲ, ಇನ್ನೊಂದ್ಸಲ ಅಳು’ ಅಂದ್ರು. ಹೂದಾನಿ ಕೈಗೆ ಸಿಕ್ತು.”

ಆ ದೃಶ್ಯಗಳೆಲ್ಲ ಚಿತ್ರೀಕರಣವಾದದ್ದು ತಂದೆ ಕಟ್ಟಿದ ಹಜಾರದಲ್ಲಿ, ಅವನ ಕಣ್ಣೆದುರಿಗೇ.

“ನನ್ನ ಹೇಳಿಕೆ ಹಾಗೇ ಇರಲಿ ಮೇಡಂ, ಕೈ ಮುಗೀತೀನಿ.”

“ಗೋಡೆ ಒಪ್ಪಲ್ಲ, ಯಜಮಾನ್ರೇ.”

ಅವನು ಮಗಳತ್ತ ತಿರುಗಿದ. “ಕಂಡ್ರೆ ಆಗದಿದ್ರೂ, ನಿನ್ನ ಗಂಡ ಎಷ್ಟು ಚೆನ್ನಾಗಿ ಬರೀತಾನೆ ಅಂತ ಫೋನ್ ಮಾಡಿ ಹೊಗಳಿದ್ದೆ, ಅಲ್ವೇನಮ್ಮಾ?”

“ಹೂಂ ಅಪ್ಪ. ಅವರಿಗೂ ಹೇಳಿದ್ದೆ. ತುಂಬಾ ಖುಷಿಪಟ್ರು.”