ದೊಣೆಯ ಮೇಲಿನ ಕೆಂಪು ಚುಕ್ಕೆ

"ಇದನ್ನ ಹಾಕಿದ್ದು ಯಾರು?"

ಗಿರಾಕಿಯೊಬ್ಬನ ಫೋನಿನ ಮ್ಯಾಪಿಗೆ ಬೆರಳಿಟ್ಟು ನಾನು ಕೇಳಿದಾಗ ಅವನ ಬಾಯಲ್ಲಿ ನಮ್ಮ ಹೋಟೆಲಿನ ಮುದ್ದೆಯಿತ್ತು. ನುಂಗಿ, ಮೀಸೆಗೆ ಮೆತ್ತಿದ ಬಸ್ಸಾರು ಒರೆಸಿಕೊಂಡು, ಬಹುಮಾನಕ್ಕೆ ಕೈಚಾಚುವವನಂತೆ ಹೇಳಿದ.

"ನಾನೇ ಮೇಡಂ."

ನಂಗಲಿಯ ಹೈವೇ ಪಕ್ಕ ನಾನೂ ನಮ್ಮ ದೊಡ್ಡಮ್ಮ ದೊಡ್ಡವೆಂಕಟಮ್ಮನೂ ನಡೆಸುವ ಹೋಟೆಲು ಅದು. ಬೋರ್ಡಿಲ್ಲ, ಲಾರಿಯವರಿಗೆ ನಮ್ಮ ಒಲೆಯ ಹೊಗೆಯೇ ಗುರುತು. ಇವನು ಬೈಕಿನವನು. ಹೆಸರು ಕದಿರೇಶ, ಊರು ಲಕ್ಕೂರು, ಮಾಲೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಭಾನುವಾರ ಸುತ್ತಾಡುವ ಬೈಕ್ ಗುಂಪಿಗೆ ರೂಟ್ ಹಾಕುವುದು ಅವನ ಹುಚ್ಚು. ಮುಳಬಾಗಿಲಿನಲ್ಲಿ ದೋಸೆ, ಆವನಿ ಬೆಟ್ಟ, ಶ್ರೀನಿವಾಸಪುರದ ಮಾವಿನ ತೋಪಿನೊಳಗಿನ ಮಣ್ಣುದಾರಿ, ಮಧ್ಯಾಹ್ನಕ್ಕೆ ನಮ್ಮ ಮುದ್ದೆ. ಫೋನಿನ ಮ್ಯಾಪಿನಲ್ಲಿ ಒಂದೊಂದಕ್ಕೂ ಕೆಂಪು ಚುಕ್ಕೆ.

ನಮ್ಮೂರ ಗುಡ್ಡದ ಹಿಂದಿನ ದೊಣೆಗೂ ಒಂದು ಚುಕ್ಕೆಯಿತ್ತು. ಪಕ್ಕದಲ್ಲಿ ಬರೆದಿದ್ದ: 'ಯಾರಿಗೂ ಗೊತ್ತಿಲ್ಲದ ಜಾಗ.'

ಯಾರಿಗೂ! ಟೊಮೆಟೊ ತೋಟಗಳಿಂದ ಮೈತುಂಬ ಔಷಧಿಯ ಉರಿ ಹೊತ್ತು ಬರುವ ಹೆಂಗಸರು ಸಂಜೆ ಮೀಯುವುದು ಬಂಡೆಯ ನಡುವಿನ ಆ ನೀರಿನಲ್ಲಿ. ಮನೆಮನೆಗೆ ಕೊಟ್ಟ ನಲ್ಲಿಗಳು ಉದ್ಘಾಟನೆಯ ದಿನ ಕೆಮ್ಮಿದ್ದೇ ಕೊನೆ. ದೊಣೆಯ ಮುಂದಿನ ಹೊಂಗೆಮರದಲ್ಲಿ ಕೆಂಪು ಸೀರೆ ತೂಗಿದರೆ ಊರಿನ ಯಾವ ಗಂಡಸೂ ಅತ್ತ ಕಾಲಿಡುವುದಿಲ್ಲ, ಕುಡಿದವನೂ ಸುತ್ತು ಹಾಕಿಕೊಂಡು ಹೋಗುತ್ತಾನೆ. ಹಿಂದಿನ ಭಾನುವಾರ ಇವನ ರೂಟ್ ಹಿಡಿದು ಬಂದ ಬೈಕುಗಳು ಆ ಸೀರೆಯ ಫೋಟೊ ತೆಗೆದುಕೊಂಡು ಒಳಗೆ ನುಗ್ಗಿದ್ದವು. ಒದ್ದೆ ಮೈಯಲ್ಲಿ ಬಂಡೆಯ ಸಂದಿಗೆ ಓಡಿದವರಲ್ಲಿ ನಮ್ಮ ದೊಡ್ಡಮ್ಮನೂ ಒಬ್ಬಳು. ಅಂದಿನಿಂದ ಯಾರೂ ಹೋಗಿಲ್ಲ. ಎಲ್ಲರೂ ರಾತ್ರಿಯಿಡೀ ಮೈ ಕೆರೆದುಕೊಳ್ಳುತ್ತಿದ್ದಾರೆ.

ಇಷ್ಟನ್ನೂ ಅವನ ಮುಖದ ಮೇಲೆ ಎಸೆದೆ.

"ನಾನು ಬೆಳಿಗ್ಗೆ ಹೋಗಿದ್ದೆ ಮೇಡಂ. ಅಲ್ಲಿ ಯಾರೂ ಇರ್ಲಿಲ್ಲ."

"ನೀನು ಬಂದಾಗ ನಾವಿಲ್ಲ ಅಂದ್ರೆ, ನಾವು ಹುಟ್ಟೇ ಇಲ್ಲ ಅಂತಾನಾ?"

ಅವನ ಕಣ್ಣು ಕೆಳಗಾಯಿತು. ಹೆಲ್ಮೆಟ್ ಒತ್ತಿದ ಗೆರೆ ಹಣೆಯ ಮೇಲೆ ಕೆಂಪಗಿತ್ತು. ಅದು ಕಂಡದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಅರ್ಧ ಮುದ್ದೆ ಇದ್ದ ತಟ್ಟೆಯನ್ನು ಅವನ ಮುಂದಿನಿಂದ ಎಳೆದುಕೊಂಡೆ.

"ಎವುರೇ ವಾಡು?" ಯಾರೇ ಅವನು ಅಂತ ಒಲೆಯ ಹತ್ತಿರದಿಂದ ದೊಡ್ಡಮ್ಮ ತೆಲುಗಿನಲ್ಲಿ ಕೂಗಿದಳು.

"ದೊಣೆಗೆ ದಾರಿ ತೋರಿಸ್ದೋನು!"

ದೊಡ್ಡಮ್ಮ ಸೌಟು ಹಿಡಿದೇ ಎದ್ದಳು.

"ಈಗ್ಲೇ ಅಳಿಸ್ತೀನಿ," ಅಂದ ಕದಿರೇಶ.

"ಅಳಿಸಿದ್ರೆ ನಿನ್ನ ದೋಸ್ತ್‌ಗಳು ಸುಮ್ನಿರ್ತಾರಾ? ದೊಣೆ ಎಲ್ಲಿ ಅಂತ ಕೇಳಲ್ವಾ? ಇನ್ನೊಬ್ಬ ಹಾಕ್ತಾನೆ. ಅಷ್ಟೊಂದು ಆಸೆ ಇದ್ರೆ ನಿಮ್ಮನೆ ಬಚ್ಚಲಿಗೆ ಹಾಕ್ಕೋ ಹೋಗು! ಆ ಮ್ಯಾಪ್ ನಂಗೂ ಕಳ್ಸು. ಕಣ್ಣಿಟ್ಟಿರ್ತೀನಿ."

ಹೆಸರೂ ನಂಬರೂ ಕೊಟ್ಟೆ, ಕಳಿಸಿದ. ಬೈಕ್ ಹತ್ತಿದವನು ಒಮ್ಮೆ ತಿರುಗಿ ನನ್ನ ಕೈಯಲ್ಲಿದ್ದ ತಟ್ಟೆಯನ್ನು ನೋಡಿದ. ಆಮೇಲೆ ನನ್ನನ್ನು. ಹಸಿವೋ ಪಶ್ಚಾತ್ತಾಪವೋ, ಎರಡಕ್ಕೂ ನನ್ನಲ್ಲಿ ಕರುಣೆಯಿರಲಿಲ್ಲ.

ಮುಂದಿನ ಭಾನುವಾರ ಬೈಕುಗಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಹೊಂಗೆಗೆ ಕೆಂಪು ಸೀರೆ ಮತ್ತೆ ಏರಿತು. ದೊಡ್ಡಮ್ಮ ಮಿಂದು, ತಲೆಯಿಂದ ನೀರು ತೊಟ್ಟಿಕ್ಕಿಸುತ್ತ ಬಂದು ನಕ್ಕಳು. ನನಗೆ ಮಾತ್ರ ಅನುಮಾನ. ಅಂಥವರು ಅಷ್ಟು ಸುಲಭಕ್ಕೆ ಬಿಡುವವರೇ? ಮ್ಯಾಪ್ ತೆರೆದೆ. ಚುಕ್ಕೆ ಅಳಿಸಿರಲಿಲ್ಲ. ದೊಣೆಯ ಹೆಸರು ಹೊತ್ತು ಲಕ್ಕೂರಿಗೆ ಹೋಗಿ ಕೂತಿತ್ತು.

ಭಾನುವಾರ ಸ್ಕೂಟಿ ಹತ್ತಿದೆ. ಮುಳಬಾಗಿಲು ದಾಟಿ, ಕೋಲಾರ ದಾಟಿ, ಮಾಲೂರು ದಾಟಿ, ಫೋನು ಹೇಳಿದ ಕಡೆಯೆಲ್ಲ ತಿರುಗಿದೆ. 'ನೀವು ತಲುಪಿದ್ದೀರಿ' ಅಂದಾಗ ಎದುರಿಗೆ ಒಂದು ಹೆಂಚಿನ ಮನೆ. ಪಕ್ಕದಲ್ಲಿ ತಗಡಿನ ಬಾಗಿಲಿನ ಬಚ್ಚಲು. ಅಂಗಳದಲ್ಲಿ ಜಾಕೆಟ್ ತೊಟ್ಟ ಮೂವರು ಮಜ್ಜಿಗೆ ಕುಡಿಯುತ್ತಾ ಪೆಚ್ಚಾಗಿ ನಿಂತಿದ್ದರು.

"ನೀನೂ ದೊಣೆ ನೋಡಕ್ ಬಂದ್ಯೇನಮ್ಮ?" ಕದಿರೇಶನ ತಾಯಿ ಮುನಿಯಲ್ಲಮ್ಮ ಸೊಂಟಕ್ಕೆ ಕೈಯಿಟ್ಟಳು. "ಅಕಾ, ಅಲ್ಲೈತೆ ನಮ್ ಬಚ್ಚಲು. ಕಣ್ತುಂಬ ನೋಡ್ಕೋ. ಭಾನುವಾರ ಬಂದ್ರೆ ನಾನು ಸೂರ್ಯ ಹುಟ್ಟಕ್ ಮುಂಚೆ ನೀರ್ ಹಾಕ್ಕೋಬೇಕು, ಇವರ ಕಾಟಕ್ಕೆ!"

ಕದಿರೇಶ ಒಳಗಿನಿಂದ ಬಂದ. ನನ್ನನ್ನು ಕಂಡು ಕೈಯಲ್ಲಿದ್ದ ಮಜ್ಜಿಗೆ ಚೊಂಬು ಕೆಳಗಿಟ್ಟ. ಮುಖವೆಲ್ಲ ಅರಳಿತು, ಅದನ್ನು ಅಡಗಿಸುವುದು ಅವನಿಗೆ ಆಗಲಿಲ್ಲ.

"ನೀವೇ ಹೇಳಿದ್ರಲ್ಲ, ಬಚ್ಚಲಿಗೆ ಹಾಕು ಅಂತ."

ಎದೆಯೊಳಗೆ ಏನೋ ಕರಗಿದ್ದು ನಿಜ. ಆದರೆ ನಾಲಿಗೆ ಕರಗಲಿಲ್ಲ.

"ಸಿಟ್ಟಲ್ಲಿ ಅಂದಿದ್ದೆ, ನಂದೂ ತಪ್ಪೇ. ಆದ್ರೆ ಹಾಕೋ ಮುಂಚೆ ನಿಮ್ಮಮ್ಮನ್ನ ಕೇಳಿದ್ಯಾ? ನಮ್ಮ ಮೈ ಮೇಲಿಂದ ಎತ್ತಿ ಅವರ ಮೈ ಮೇಲಿಟ್ಟೆ. ಹೊರೋಕೆ ಯಾವಾಗ್ಲೂ ಹೆಂಗಸೇ ಬೇಕಾ ನಿಂಗೆ?"

"ಹಂಗ್ ಹೇಳು ಮಗಳೇ!" ಅಂದಳು ಮುನಿಯಲ್ಲಮ್ಮ.

ಅವನ ನಗು ಅಳಿಯಿತು. "ಇದು ಹೊಳೀಲೇ ಇಲ್ಲ," ಅಂದ ಮೆಲ್ಲಗೆ. ನೆಪ ಹೇಳಲಿಲ್ಲ. ಕಣ್ಣು ಈ ಸಲ ಕೆಳಗೂ ಹೋಗಲಿಲ್ಲ. ನೇರ ನನ್ನನ್ನೇ ನೋಡುತ್ತ ಫೋನನ್ನು ನನ್ನ ಅಂಗೈಯಲ್ಲಿಟ್ಟ. ಬೆರಳು ತಾಗಿ, ತಕ್ಷಣ ಸರಿಯಿತು. "ನೀವೇ ಹೇಳಿ. ಎಲ್ಲಿಗೆ ಹಾಕ್ಲಿ?"

ನಾನು ಚುಕ್ಕೆಯನ್ನು ಲಕ್ಕೂರಿನಿಂದ ಕಿತ್ತೆ. ಕೋಲಾರದ ಮೇಲಿಂದ ಎಳೆದು ನಂಗಲಿಗೆ ತಂದು, ನಮ್ಮ ಹೋಟೆಲಿನ ಮೇಲೆ ಊರಿದೆ.

"ದೊಣೆ ಕೇಳ್ಕೊಂಡು ಬರ್ಲಿ. ಮುದ್ದೆನೂ ಹಾಕ್ತೀನಿ, ಉತ್ತರನೂ ಕೊಡ್ತೀನಿ. ಈ ಸಲ ಹೊರೋಕೆ ಗಂಡಸು ನೀನಿದೀಯಲ್ಲ, ಪ್ರತಿ ಭಾನುವಾರ ಬಂದು ಅವರ ಎಂಜಲು ತಟ್ಟೆ ತೊಳಿ."

"ಎಲ್ಲಿವರ್ಗೂ?"

"ನಿನ್ನ ದೋಸ್ತ್‌ಗಳು ದೊಣೆ ಮರೆಯೋವರ್ಗೂ."

ಸ್ಕೂಟಿಯವರೆಗೆ ಹಿಂದೆಯೇ ಬಂದ. "ಅವತ್ತು ಅರ್ಧ ಮುದ್ದೆ ಕಿತ್ಕೊಂಡ್ರಿ."

"ತಟ್ಟೆ ತೊಳೆದ್ಮೇಲೆ ಹಾಕ್ತೀನಿ."

"ಅವರು ಬೇಗ ಮರೆತುಬಿಟ್ರೆ, ಅನಿತ?"

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ದುಪಟ್ಟಾವನ್ನು ಮುಖಕ್ಕೆ ಸುತ್ತಿಕೊಂಡೆ. ಕಣ್ಣು ಮಾತ್ರ ಅವನಿಗೆ ಕಾಣುವಂತೆ ಉಳಿಸಿದೆ.

"ಅವರನ್ನ ಮರೆಯಕ್ ಬಿಟ್ರೆ ನಿನ್ನ ಕಾಲು ಮುರೀತೀನಿ ಕಣೋ."