ಮಾವನ ಕುರ್ಚಿ

“ಏಳೇ! ಮೊದಲು ಅಲ್ಲಿಂದ ಏಳು!”

ಅತ್ತೆಯ ಕೂಗಿಗೆ ಇಸ್ತ್ರಿ ಅಂಗಡಿಯೇ ನಡುಗಿತು. ತುಂಬು ಗರ್ಭಿಣಿ ಸೊಸೆ ಕೂತಿದ್ದು ಮಾವನ ಕುರ್ಚಿಯಲ್ಲಿ! ಮಾವ ತೀರಿಕೊಂಡ ಮೇಲೆ ಆ ಕುರ್ಚಿಯ ಮೇಲೆ ಅವರ ಫೋಟೋ, ಫೋಟೋಗೆ ದಿನವೂ ಹೂವು, ಮುಂದೊಂದು ದೀಪ. ಗಿರಾಕಿಗಳೂ ಅದಕ್ಕೆ ಕೈಮುಗಿದೇ ಬಟ್ಟೆಯ ಗಂಟು ಬಿಚ್ಚುತ್ತಿದ್ದರು. ‘ಕೆಲಸವೇ ದೇವರು, ದೇವರ ಮುಂದೆ ಯಾರೂ ಕೂರಬಾರದು’ ಎಂಬ ಮಾವನ ಮಾತು ಗೋಡೆಯ ಮೇಲೆ ಚೌಕಟ್ಟಿನೊಳಗಿತ್ತು. ಹಾಗಾಗಿ ಅಂಗಡಿಯಲ್ಲಿ ಬೇರೊಂದು ಸ್ಟೂಲೂ ಇರಲಿಲ್ಲ. ಬೆಳಗಿನಿಂದ ನಿಂತೇ ಇಸ್ತ್ರಿಪೆಟ್ಟಿಗೆ ಎಳೆದೂ ಎಳೆದೂ ಸೊಸೆಯ ಕಾಲುಗಳು ಬಾತುಹೋಗಿದ್ದವು. ಕಣ್ಣಿಗೆ ಕತ್ತಲು ಕವಿದಾಗ ಫೋಟೋವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕೂತುಬಿಟ್ಟಿದ್ದಳು.

“ಅಪ್ಪನ ಜಾಗ ಕಣೇ ಅದು!” ಎಂದ ಗಂಡ. “ಅಮ್ಮನ ಕಾಲು ಹಿಡ್ಕೊಂಡು ತಪ್ಪಾಯ್ತು ಅನ್ನು.”

“ಅಮ್ಮನ ಕಾಲಾ? ಯಾವತ್ತಾದ್ರೂ ನೋಡಿದ್ದೀರಾ ಅದನ್ನ?” ಸೊಸೆಯ ಕಣ್ಣು ತುಂಬಿತು, ಆದರೂ ಅವಳು ಏಳಲಿಲ್ಲ. “ಆ ಮಂಡಿಗೆ ದಿನಾ ಎಣ್ಣೆ ತಿಕ್ಕೋಳು ನಾನು... ಅತ್ತೆ, ಒಂದು ಮಾತು ಕೇಳ್ತೀನಿ, ಬೈಬೇಡಿ. ಯಾರೂ ಕೂರಬಾರದು ಅಂತ ಮಾವ ಹೇಳ್ತಿದ್ರಲ್ಲ... ಎಲ್ಲಿ ಕೂತ್ಕೊಂಡು ಹೇಳ್ತಿದ್ರು?”

“ಥೂ, ಬಾಯಿ ಮುಚ್ಚೇ!” ಎಂದು ಗಂಡ ಗದರಿದ. ಅತ್ತೆ ಕೈಯೆತ್ತಿ ಮಗನನ್ನು ತಡೆದರು. ಹತ್ತಿರ ಬಂದು ಕುರ್ಚಿಯ ಕೈಯನ್ನು ಮೆಲ್ಲಗೆ ಸವರಿದರು.

“ಇದರಲ್ಲೇ...” ಎಂದರು. “ಇದರಲ್ಲೇ ಕೂತ್ಕೊಂಡು ಕಣೋ. ನೀನು ಹುಟ್ಟೋ ದಿನ ನೋವು ಶುರುವಾಗಿದ್ರೂ, ಈ ಅಂಗಿಗಳನ್ನ ಮುಗಿಸಿ ಹೋಗು ಅಂದ್ರು. ಹಲ್ಲು ಕಚ್ಚಿ ಮುಗಿಸಿದೆ. ಅದೊಂದು ಹೆಮ್ಮೆ ಬೇರೆ ನಂಗೆ!” ನಗಲು ಹೋದ ಆ ಜೀವ ಬಿಕ್ಕಿ ಬಿಕ್ಕಿ ಅತ್ತಿತು...

ಸೊಸೆ ಎದ್ದು ಬಂದು ತೋಳು ಹಿಡಿದಳು. “ಬನ್ನಿ ಅತ್ತೆ.”

ಆಕೆ ಮೊದಲು ತುದಿಯಲ್ಲಿ ಕೂತರು. ಆಮೇಲೆ ಉಸಿರು ಬಿಟ್ಟು ಬೆನ್ನು ಒರಗಿಸಿದರು. ಆಕಾಶವೇನೂ ಕಳಚಿ ಬೀಳಲಿಲ್ಲ!

“ಗರ ಬಡಿದ ಹಾಗೆ ಯಾಕೋ ನಿಂತಿದ್ದೀಯ? ಮನೆಯಿಂದ ಇನ್ನೆರಡು ಕುರ್ಚಿ ತಗೊಂಡು ಬಾ. ನಿನ್ನ ಹೆಂಡ್ತಿಗೊಂದು, ನಿನಗೊಂದು.”

“ಮತ್ತೆ... ಅಪ್ಪನ ಫೋಟೋ?”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಗೋಡೆಗೊಂದು ಮೊಳೆ ಹೊಡಿ. ಇಷ್ಟು ವರ್ಷ ಕೂತು ನೋಡಿದ್ರಲ್ಲ, ಇನ್ಮೇಲೆ ನಿಂತು ನೋಡ್ಲಿ!”

ಮಗ ಕಕ್ಕಾಬಿಕ್ಕಿಯಾಗಿ ಮೆಟ್ಟಿಲಿಳಿದ. ಅವನ ಹಿಂದೆಯೇ ಅತ್ತೆ ಸೊಸೆಯರ ನಗು ಅಂಗಡಿ ತುಂಬಿ ಬೀದಿಗೂ ಹರಿಯಿತು.