ಹದಿನೆಂಟಿಂಚಿನ ಹಟ

"ಈ ಕಾರಿಗೆ ಈ ಚಕ್ರ ಹಾಕಿದ ಪುಣ್ಯಾತ್ಮ ಯಾರು?"

ಸೈಮಿಗೆ ಮೈಯೆಲ್ಲ ಉರಿದುಹೋಯಿತು.

"ನಾನೇ! ಯಾಕೆ, ಏನೀಗ?"

ಟೈರ್ ಅಂಗಡಿಯ ಇಲ್ಮರಿ ತಲೆ ಎತ್ತಿದ. ಅವನ ಕೆನ್ನೆಗೆ ಗ್ರೀಸ್ ಮೆತ್ತಿತ್ತು. ಅಷ್ಟು ಕೋಪದಲ್ಲೂ ಅದನ್ನು ಒರೆಸಿಬಿಡಬೇಕು ಅನ್ನಿಸಿತು ಅವಳಿಗೆ. ಛೆ, ಇದೆಂಥ ಬುದ್ಧಿ!

ಏಪ್ರಿಲ್ ತಿಂಗಳು. ಫಿನ್ಲೆಂಡಿನ ಹರ್ಮ ಊರಿನಲ್ಲಿ ಹಿಮ ಕರಗಿ, ಹಿಮದಲ್ಲಿ ಜಾರದಂತೆ ಚಳಿಗಾಲಕ್ಕೆ ಹಾಕಿದ್ದ ಮೊಳೆ ಟೈರುಗಳು ಒಣ ರಸ್ತೆಯ ಮೇಲೆ ಕಟಕಟ ಅನ್ನತೊಡಗಿದ್ದವು. ಬೇಸಿಗೆ ಟೈರ್ ಹಾಕಿಸಲು ಊರಿಗೆ ಊರೇ ಸಾಲುಗಟ್ಟಿತ್ತು. ಸೈಮಿ ತನ್ನ ಹಳೆಯ ಬೂದು ಕಾರಿನ ಹಿಂದಿನ ಸೀಟು ಮಡಚಿ, ಹದಿನೆಂಟಿಂಚಿನ ಚಿನ್ನದ ಬಣ್ಣದ ನಾಲ್ಕು ಚಕ್ರ ತುಂಬಿಕೊಂಡು ಬಂದಿದ್ದಳು.

"ಕಂಪನಿ ಕೊಟ್ಟಿದ್ದು ಹದಿನಾರು," ಅಂದ ಇಲ್ಮರಿ. "ಚಕ್ರ ದೊಡ್ಡದಾದಷ್ಟೂ ಟೈರಿನ ಪಕ್ಕದ ಗೋಡೆ ಗಿಡ್ಡ ಆಗ್ಬೇಕು. ಇಲ್ಲಾಂದ್ರೆ ಸ್ಪೀಡೋಮೀಟರೇ ಸುಳ್ಳು ಹೇಳುತ್ತೆ. ಗಿಡ್ಡ ಆದ್ರೆ ಗುಂಡಿಯ ಏಟೆಲ್ಲ ಚಕ್ರಕ್ಕೆ, ನಿಮ್ಮ ಸೊಂಟಕ್ಕೆ. ನೋಡಿ, ಈ ಟೈರು ಊದ್ಕೊಂಡಿದೆ. ಸುಮ್ನೆ ಹದಿನಾರಕ್ಕೆ ಇಳಿದ್ಬಿಡಿ."

"ಇಳಿಯಲ್ಲ."

"ಏನು ಕೆಲಸ ನಿಮ್ದು?"

"ನರ್ಸ್. ಮನೆ ಮನೆಗೆ ಹೋಗಿ ವಯಸ್ಸಾದೋರನ್ನ ನೋಡ್ಕೋತೀನಿ."

"ದಿನಾ ಜಲ್ಲಿ ರಸ್ತೆ! ಅಂಥೋರಿಗೆ ಇಷ್ಟು ಬೆಡಗು ಯಾತಕ್ಕೆ?"

ಸೈಮಿಯ ಕಣ್ಣು ತುಂಬಿಬಂತು. ಅಕ್ಷರ ಅಕ್ಷರ ಅದೇ ಮಾತು...

"ಹೆನ್ರಿಕ್ಕೂ ಹಂಗೇ ಅಂದಿದ್ದ," ಅಂದಳು. "ಮದುವೆ ಆಗ್ಬೇಕಿದ್ದೋನು. ಮುದುಕರ ಚಾಕರಿ ಮಾಡೋಳಿಗೆ ಬೆಡಗು ಯಾತಕ್ಕೆ, ತಗ್ಗಿಬಗ್ಗಿ ಇರು ಅಂತ. ಹೋದ ಬೇಸಿಗೇಲಿ ಅವನು ಬಿಟ್ಟುಹೋದ ಮಾರನೇ ದಿನಾನೇ ಈ ಚಕ್ರ ತಂದೆ. ಹಟ ಅನ್ನಿ, ಹುಚ್ಚು ಅನ್ನಿ. ನಾನು ಇಳಿಯಲ್ಲ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಲ್ಮರಿಯ ಕಿವಿ ಕೆಂಪಾಗಿತ್ತು.

"ಚಕ್ರ ಇಲ್ಲೇ ಬಿಟ್ಟುಹೋಗಿ," ಅಂದ ಕೊನೆಗೆ. "ನಾಳೆ ನಿಮ್ಮ ಜೊತೆ ಬರ್ತೀನಿ. ರಸ್ತೆ ನೋಡ್ಬೇಕು."

ಬಂದ! ದಾರಿಯುದ್ದಕ್ಕೂ ಆಡಿದ್ದು ಬೆರಳೆಣಿಕೆಯ ಮಾತು. ಆದರೆ ಪ್ರತಿ ಗುಂಡಿಗೂ ಅವಳ ಬದಲು ತಾನೇ "ಅಯ್ಯೋ" ಅನ್ನುತ್ತಿದ್ದ. ಸೈಮಿ ನಕ್ಕು ನಕ್ಕು ಸುಸ್ತಾದಳು. ಹೀಗೆ ನಕ್ಕು ಎಷ್ಟು ಕಾಲವಾಗಿತ್ತು...

ಸೈಮಿ ನೋಡಿಕೊಳ್ಳುತ್ತಿದ್ದ ಹಿಲ್ಯಾ ಅಜ್ಜಿಯ ಮನೆಯಲ್ಲಿ ಕಾಫಿ, ಏಲಕ್ಕಿ ಬನ್ನು ಮುಗಿಸಿ ಅವನು ಹೊರಗೆ ಹೋದದ್ದೇ ತಡ, ಅಜ್ಜಿ ಅವಳ ಕೈ ಹಿಡಿದಳು.

"ಏನೇ ಹುಡುಗಿ, ಟೈರ್ ಹಾಕಿಕೊಟ್ನಾ?"

"ಅದು ಅವರ ಕೆಲಸ ಅಜ್ಜಿ."

"ಅಂಗಡೀಲಿ ಹಾಕಿದ್ರೆ ಕೆಲಸ. ಭಾನುವಾರ, ಅಂಗಡಿ ಮುಚ್ಚಿದ್ಮೇಲೆ, ನಾಲ್ಕು ಜನರ ಎದುರು ಹಾಕಿದ್ರೆ ನಮ್ಮೂರಲ್ಲಿ ಅದರ ಮಾತೇ ಬೇರೆ! ನಮ್ಮ ಯಜಮಾನ್ರು ಇಡೀ ಆಯುಷ್ಯ ಪ್ರೀತಿ ಅಂತ ಬಾಯಿಬಿಟ್ಟು ಹೇಳ್ಲಿಲ್ಲ ಕಣೇ. ಟೈರ್ ಮಾತ್ರ ಹಾಕಿದ್ರು."

ಸೈಮಿಯ ಕೆನ್ನೆ ಬಿಸಿಯಾಯಿತು. 'ಥೂ, ಏನೇನೋ ಆಸೆ ಪಡಬೇಡ ಸೈಮಿ...'

ಆದರೆ ಆಸೆ ಹೇಳಿದ ಮಾತು ಕೇಳುತ್ತದೆಯೇ? ಒಂದು ವಾರ ಅದೇ ಗುಂಗು. ಅಂಗಡಿಗೆ ಫೋನ್ ಮಾಡಿದರೆ "ಇನ್ನೂ ಆಗಿಲ್ಲ" ಅನ್ನುತ್ತಿದ್ದ, ಅಷ್ಟೇ.

ಶನಿವಾರ ಹಿಲ್ಯಾ ಅಜ್ಜಿಯ ಮುಖ ಬಾಡಿತ್ತು.

"ಇಲ್ಮರಿ ದಿನಾ ಸಂಜೆ ಪಾದ್ರಿಯಮ್ಮನ ಮನೇಲಿ ಇರ್ತಾನಂತೆ. ನಮ್ಮೂರಲ್ಲಿ ಪಾದ್ರಿ ಮನೆ ಬಾಗಿಲು ತಟ್ಟೋದು ಎರಡೇ ಕಾರಣಕ್ಕೆ, ಮಗೂ. ಸಾವು, ಇಲ್ಲಾ ಮದುವೆ. ಇಲ್ಮರಿ ಮನೇಲಿ ಯಾರೂ ಸತ್ತಿಲ್ಲ..."

ಹಾಗಾದರೆ ಯಾರೋ ಇದ್ದಾಳೆ! ರಸ್ತೆ ನೋಡಬೇಕು ಅಂದದ್ದು ನಿಜವಾಗಿಯೂ ರಸ್ತೆ ನೋಡುವುದಕ್ಕೇ. ಅವಳು ರಾತ್ರಿಯೆಲ್ಲ ಅತ್ತಳು. ಬೆಳಗ್ಗೆ ಎದ್ದು ಮುಖ ತೊಳೆದು, ಚಕ್ರ ವಾಪಸ್ ತರುವುದೇ ಸೈ ಎಂದು ಹೊರಟಳು.

ಅಂಗಡಿಗೆ ಬೀಗ, ರಜಾದಿನ ಅನ್ನುವುದೇ ಅವಳಿಗೆ ಮರೆತುಹೋಗಿತ್ತು. ಎದುರಿನ ಚರ್ಚಿನ ಮುಂದೆ ಜಾತ್ರೆಯಷ್ಟು ಜನ, ಕಿಲಕಿಲ ನಗು. ಕಾರು ನಿಲ್ಲಿಸಿ ಇಳಿದು ನೋಡುತ್ತಾಳೆ...

ಪಾದ್ರಿಯಮ್ಮ ಮರ್ಯತ್ತಾ ಅವರ ಕಪ್ಪು ಕಾರು ಅಲ್ಲಿ ನಿಂತಿತ್ತು. ಸೈಮಿಯ ಕಾರಿನದೇ ಜಾತಿ, ಮರ್ಯಾದಸ್ಥ ಕಾರು. ಅದರ ನಾಲ್ಕೂ ಕಾಲಿಗೆ ಥಳಥಳ ಚಿನ್ನದ ಚಕ್ರ!

"ಅವು ನನ್ನ ಚಕ್ರ!"

"ಗೊತ್ತಮ್ಮ ಗೊತ್ತು!" ಪಾದ್ರಿಯಮ್ಮ ಚರ್ಚಿನ ಪ್ರಾರ್ಥನೆಗೆ ತೊಟ್ಟಿದ್ದ ಪಾದ್ರಿಯ ನಿಲುವಂಗಿ ಎತ್ತಿಕೊಂಡು ಓಡಿಬಂದರು. "ಇಲ್ಮರೀದು ವ್ಯಾನು, ಅದಕ್ಕೆ ಈ ಚಕ್ರ ಹೊಂದಲ್ಲ. ನಾನೂ ನಿನ್ನ ರಸ್ತೇಲೇ ಓಡಾಡೋಳು ತಾನೇ? ನಿನ್ನ ಚಕ್ರಕ್ಕೆ ಸರಿಯಾದ ಟೈರ್ ಹುಡುಕ್ತಾ ದಿನಾ ಸಂಜೆ ಬಂದು ಒಂದು ಟೈರ್ ಬಿಚ್ಚೋದು, ಇನ್ನೊಂದು ಹಾಕೋದು. 'ಗುಂಡೀಲಿ ಹೆಂಗಿತ್ತು? ಮಳೇಲಿ ಬ್ರೇಕ್ ಹಿಡೀತಾ? ಸದ್ದು ಎಷ್ಟು?' ಪ್ರಾಣ ತಿಂದುಬಿಟ್ಟ! ನಿನ್ನೆ ಇದೇ ಚಕ್ರದಲ್ಲಿ ಒಂದು ನಾಮಕರಣಕ್ಕೂ ಹೋಗಿಬಂದೆ. ಮಗೂನ ಯಾರೂ ನೋಡ್ಲಿಲ್ಲ!"

ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಇಲ್ಮರಿ ಜಾಕ್ ಹಿಡಿದುಕೊಂಡು ಮಂಕಾಗಿ ನಿಂತಿದ್ದ.

"ನಂಗೆ ಯಾಕೆ ಹೇಳ್ಲಿಲ್ಲ?" ಸೈಮಿ ಅವನ ಹತ್ತಿರ ಹೋಗಿ ಕೇಳಿದಳು.

"ಸಿಗುತ್ತೋ ಇಲ್ವೋ ಗೊತ್ತಿರ್ಲಿಲ್ಲ. ಸಿಕ್ತು. ಗೋಡೆ ಗಿಡ್ಡ, ಆದ್ರೆ ಗಟ್ಟಿ. ಸದ್ದೂ ಕಮ್ಮಿ." ಅವನು ನೆಲ ನೋಡಿದ. "ಅವತ್ತು ನಾನು ಆಡಿದ ಮಾತು ತಪ್ಪು. ನೀವು ಇಳೀಬಾರ್ದು. ಯಾರಿಗೋಸ್ಕರಾನೂ..."

ಟೈರಿನ ವಿಷಯ ಬಿಟ್ಟು ಇಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ಊರು ಕೇಳಿದ್ದು ಅದೇ ಮೊದಲು!

ಮರುಕ್ಷಣ ಅವನು ಪಾದ್ರಿಯಮ್ಮನ ಕಾರಿನಿಂದ ಚಕ್ರ ಬಿಚ್ಚಿ, ಒಂದೊಂದಾಗಿ ಉರುಳಿಸಿಕೊಂಡು ಬಂದು, ಸೈಮಿಯ ಕಾರಿನ ಪಕ್ಕ ಮಂಡಿಯೂರಿದ. ಭಾನುವಾರ. ನಾಲ್ಕಲ್ಲ, ಇಡೀ ಚರ್ಚಿನ ಜನರ ಎದುರು.

ಗುಂಪಿನಲ್ಲಿದ್ದ ಹಿಲ್ಯಾ ಅಜ್ಜಿ ಕರವಸ್ತ್ರ ತೆಗೆದು ಮೂಗು ಸೀಟಿದಳು.

ಸೈಮಿ ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. ಅವನ ಕೆನ್ನೆಯ ಮೇಲೆ ಮತ್ತೆ ಅದೇ ಗ್ರೀಸ್! ಈ ಸಲ ಕೈ ಚಾಚಿ ಒರೆಸಿಯೇಬಿಟ್ಟಳು.

"ಇಲ್ಮರಿ... ಇದು ಕೆಲಸಾನಾ?"

"ಅಂಗಡಿ ಮುಚ್ಚಿದೆ," ಅಂದ ಅವನು, ಮೆಲ್ಲಗೆ. "ಇದು ಕೆಲಸ ಅಲ್ಲ, ಸೈಮಿ. ನೀನಂದ್ರೆ ನಂಗೆ ತುಂಬಾ ಇಷ್ಟ."

'ನೀವು' ಹೋಗಿ 'ನೀನು' ಬಂದದ್ದು ಅವಳ ಎದೆಗೆ ತಟ್ಟಿತು. ಅಳುತ್ತಲೇ ನಕ್ಕಳು.

"ನಂಗೂ. ಹೇಳೋಕೆ ಒಂದು ವಾರ ತಗೊಂಡ್ಯಲ್ಲೋ!"

ಕೊನೆಯ ಬೋಲ್ಟ್ ಬಿಗಿಮಾಡಿ ಅವನು ಎದ್ದ. ಎಲ್ಲ ಗಿರಾಕಿಗಳಿಗೂ ಹೇಳುವ ಮಾತು ಅಭ್ಯಾಸಬಲದಿಂದ ಬಾಯಿಗೆ ಬಂತು.

"ಐವತ್ತು ಕಿಲೋಮೀಟರ್ ಓಡಿಸಿದ್ಮೇಲೆ ಬೋಲ್ಟ್ ಇನ್ನೊಂದ್ಸಲ ಬಿಗಿ ಮಾಡ್ಬೇಕು. ವಾಪಸ್ ಬರ್ಬೇಕು."

ಸೈಮಿ ಪಕ್ಕದ ಬಾಗಿಲು ತೆರೆದಳು.

"ವಾಪಸ್ ಯಾಕೆ ಬರ್ಲಿ? ನೀನೇ ಹತ್ತು. ಐವತ್ತಾದ್ಮೇಲೆ ಅಲ್ಲೇ ಬಿಗಿ ಮಾಡು."

"ಆಮೇಲೆ?"

"ಆಮೇಲೆ ಪಾದ್ರಿಯಮ್ಮನ ಮನೆಗೆ ಹೋಗೋಣ. ದಾರಿ ನಿಂಗೆ ಗೊತ್ತಿದ್ಯಲ್ಲ!"